ಸಿಗದೇ ಇರೋ ಪತ್ರಗಳಿಗೂ ಗೋಡೇಲಿ ಜಾಗ ಕೊಟ್ವಿ (ನನ್ನ ಅನುಭವ)

ನಮ್ಮವರದ್ದು ಆರ್ಕೈವ್, ಅಂದ್ರೆ ಸ್ಕ್ಯಾನು, ಕ್ಯಾಟಲಾಗು, ಮೆಟಾಡೇಟಾ (ಯಾರು, ಯಾರಿಗೆ, ಯಾವಾಗ ಬರೆದಿದ್ದು ಅನ್ನೋ ವಿವರ). ನಂದು ಅದನ್ನೆಲ್ಲ ಗೋಡೆ ಮೇಲೆ ಚಿತ್ರವಾಗಿ ತರೋದು. ಒಂದು ಹಳೇ ಪತ್ರಸಂಗ್ರಹ, ಹತ್ತತ್ರ ನಾಲ್ಕು ಸಾವಿರ ಐಟಂ, ಅದನ್ನ ಪ್ರದರ್ಶನ ಮಾಡ್ತೀವಿ, ಕಳೆದುಹೋದ ಪತ್ರಗಳನ್ನೂ ತೋರಿಸ್ತೀವಿ ಅಂದಾಗ ಗ್ಯಾಲರಿಯವರು, ಸ್ನೇಹಿತರು ಎಲ್ರೂ "ಇಲ್ದೇ ಇರೋದನ್ನ ನೋಡೋಕೆ ಯಾರು ಬರ್ತಾರೆ" ಅಂದ್ರು. ಬಂದ್ರು, ತುಂಬಾ ಜನ ಬಂದ್ರು, ಅದಕ್ಕೇ ಬರೀತಿದೀನಿ.

ಮೊದ್ಲು ಎಲ್ರ ಹಾಗೆ ಗೆಫಿ ಅನ್ನೋ ಸಾಫ್ಟ್‌ವೇರಿಗೆ ಹಾಕಿ ಯಾರು ಯಾರಿಗೆ ಬರೆದ್ರು ಅಂತ ಗೆರೆ ಎಳೆದು ತೋರಿಸೋ ನೆಟ್‌ವರ್ಕ್ ಚಿತ್ರ ತೆಗೆದ್ವಿ, ಬರೀ ಸಿಕ್ಕು. ಸ್ಕ್ರೀನಲ್ಲಾದ್ರೆ ಝೂಮ್ ಮಾಡ್ಬೋದು, ಗೋಡೆ ಮುಂದೆ ನಿಂತೋರು ಏನ್ಮಾಡ್ಬೇಕು? ಆಮೇಲೆ ಜಾಸ್ತಿ ಬರೆದವರಿಗೆ ದೊಡ್ಡ ವೃತ್ತ ಕೊಟ್ವಿ, ಆದ್ರೆ ವ್ಯಾಸ ಎರಡರಷ್ಟಾದ್ರೆ ವಿಸ್ತೀರ್ಣ ನಾಲ್ಕರಷ್ಟಾಗತ್ತೆ, ವಿಸ್ತೀರ್ಣ ಸರಿಮಾಡಿದ್ರೆ ಕಣ್ಣಿಗೆ ವ್ಯತ್ಯಾಸಾನೇ ತಿಳಿಯಲ್ಲ. ಕೊನೆಗೆ ಹಿಡಿದಿದ್ದು ಆಟೋ ಮತ್ತು ಮೇರಿ ನ್ಯೂರಾತ್ ದಂಪತಿಯ ಐಸೊಟೈಪ್ (ಅಂಕಿ ಅಂಶನ ಸರಳ ಚಿತ್ರಗುರುತುಗಳಲ್ಲಿ ತೋರಿಸೋ ಪದ್ಧತಿ) ನಿಯಮ: ಸಂಖ್ಯೆ ಹೆಚ್ಚಾದ್ರೆ ಗುರುತನ್ನ ಹಿಗ್ಗಿಸೋದಲ್ಲ, ಅದೇ ಗಾತ್ರದ್ದನ್ನ ಮತ್ತೆ ಮತ್ತೆ ಇಡೋದು. ಒಂದು ಪತ್ರಕ್ಕೆ ಒಂದು ಚೌಕ. ಅಂಕಿ ಅಂಶನ ಚಿತ್ರದ ರೂಪಕ್ಕೆ ತರೋ ಕೆಲಸ ಮುಖ್ಯವಾಗಿ ಮೇರಿಯವರದ್ದೇ ಆಗಿತ್ತು, ಇಬ್ರ ಸಂಗ್ರಹನೂ ಕಾಪಾಡಿ 1971ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದೂ ಅವರೇ. ಇದನ್ನ ಹೆಚ್ಚು ಜನ ಹೇಳಬೇಕು.

ಇನ್ನು ಕಳೆದುಹೋದವು. "ನಿಮ್ಮ ಪತ್ರ ತಲುಪಿತು" ಅಂತ ಯಾರೋ ಬರೆದಿದ್ದಾರೆ ಅಂದ್ರೆ ಆ ಪತ್ರ ಇತ್ತು ಅಂತ ತಾನೆ? ನಮ್ಮವರು ಪ್ರತಿ ಪತ್ರ ಓದಿ ಅಂಥವಕ್ಕೆ ಬೇರೆ ಶೀಟಲ್ಲಿ ದಾಖಲೆ ಮಾಡಿದ್ರು, ಆರುನೂರರ ಆಸುಪಾಸು ಸಿಕ್ವು. ಐಟಂ ಇಲ್ದೆ ರೆಕಾರ್ಡ್ ಮಾಡ್ಬಾರ್ದು ಅಂತ ಕ್ಯಾಟಲಾಗ್ ಮಾಡೋರು ಜಗಳಾನೇ ಆಡಿದ್ರು. ಗೋಡೇಲಿ ಇವೆಲ್ಲ ಬರೀ ಗೆರೆಯ ಖಾಲಿ ಚೌಕ. ಜನ ಜಾಸ್ತಿ ಹೊತ್ತು ನಿಂತಿದ್ದು ಅವುಗಳ ಮುಂದೇನೇ.

ದುಡ್ಡಿನ ವಿಷ್ಯ. ಅರ್ಧ ಸ್ಕ್ಯಾನಿಂಗಿಗೇ ಹೋಯ್ತು. ಎಲ್ಲ ಮೂಲ ಪತ್ರನೂ ಫ್ರೇಮ್ ಮಾಡಿ ಇನ್ಶೂರೆನ್ಸ್ ಮಾಡಿಸಿದ್ರೆ ಮಿಕ್ಕ ಅರ್ಧನೂ ಸಾಲ್ತಿರ್ಲಿಲ್ಲ, ಅದೂ ಅಲ್ದೆ ಹಳೇ ಕಾಗದಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಮೇಲೆ ಬೆಳಕು ಬಿಡೋ ಹಾಗಿಲ್ಲ, ಆ ಬೆಳಕಲ್ಲಿ ನನ್ನ ಸಣ್ಣ ಗೆರೆ ಕಾಣಲ್ಲ. ಹಾಗಾಗಿ ಗೋಡೆಗೆಲ್ಲ ನಕಲು, ಮೂಲ ಪತ್ರ ಒಂದು ಡಜನ್ ಮಾತ್ರ, ಮಂದ ಬೆಳಕಿನ ಗಾಜಿನ ಪೆಟ್ಟಿಗೇಲಿ. ಚೌಕಗಳನ್ನ ವಿನೈಲಲ್ಲಿ (ಅಂಟೋ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ಅಂಟಿಸಿದ್ರೆ ಅಂಚೆಲ್ಲ ಎದ್ದು ಅಷ್ಟೂ ದುಡ್ಡು ಹಾಳಾಯ್ತು. ಐಸೊಟೈಪಿಗೆ ಕಲಾವಿದ ಗೆರ್ಡ್ ಆರ್ಂಟ್ಸ್ ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ಅಚ್ಚೊತ್ತೋದು) ಮಾಡ್ತಿದ್ರಲ್ಲ, ನಾನೂ ಲಿನೋ ಕೆತ್ತಿ ಕೈಯಲ್ಲೇ ಅಚ್ಚೊತ್ತಿದೆ, ಖರ್ಚು ವಿನೈಲಿನ ಕಾಲುಭಾಗಾನೂ ಇಲ್ಲ. ಗೋಡೆ ಮೇಲೆ ಇಂಕು ಹರಡದ ಹಾಗೆ ಅದಕ್ಕೆ ಏನು ಬೆರೆಸ್ತೀನಿ ಅನ್ನೋದು ಮಾತ್ರ ನಮ್ಮಿಬ್ರಲ್ಲೇ ಇರ್ಲಿ.

ಮಧ್ಯೆ ಒಂದೊಂದು ಚೌಕಕ್ಕೆ ಒಂದೊಂದು ಸ್ವರ, ಖಾಲಿ ಚೌಕಕ್ಕೆ ಮೌನ ಅಂತ ಸೌಂಡೂ ಮಾಡಿದ್ವಿ. ಚೆನ್ನಾಗಿತ್ತು, ಆದ್ರೆ ಜನ ಕೇಳ್ತಾ ಓದೋದೇ ಬಿಟ್ರು, ತೆಗೆದ್ವಿ.

ಬಂದೋರು ತಮಗೆ ಗೊತ್ತಿರೋದನ್ನ ಬರೆಯಲಿ ಅಂತ ಪಕ್ಕದಲ್ಲಿ ಚೀಟಿ, ಪೆನ್ಸಿಲ್ ಇಟ್ಟಿದ್ವಿ. ಅದ್ರಿಂದ ನಲವತ್ತರಷ್ಟು ಪತ್ರಗಳಿಗೆ ದಿನಾಂಕ ಸಿಕ್ತು. ಯಾರು ಹೇಳಿದ್ದು ಅಂತ ಮೂಲ ಸಮೇತ ನಮ್ಮವರು ಒಂದೊಂದೇ ಪರಿಶೀಲಿಸಿ ಕ್ಯಾಟಲಾಗಿಗೆ ಏರಿಸ್ತಿದಾರೆ. ಮುಂದಿನ ಸಲ ಚೌಕ 10 ಮಿಮೀ ಬದಲು 15 ಮಿಮೀ ಮಾಡ್ತೀನಿ, ಎರಡು ಮೀಟರ್ ದೂರದಿಂದ ಖಾಲಿ ಯಾವುದು ತುಂಬಿದ್ದು ಯಾವುದು ಅಂತ ಗೊತ್ತಾಗಬೇಕು.