ಮೊದಲ ತಿಂಗಳು ಗಡಿಯಾರ ನೋಡಬೇಡಿ

ಕ್ರಾಸ್‌ಫಿಟ್ ಮಾದರಿಯ ಕಸರತ್ತು ಅಂದರೆ ಭಾರ ಎತ್ತು, ಹಾರು, ಬಾರ್‌ಗೆ ಜೋತು ಬೀಳು, ಮತ್ತೆ ಎತ್ತು. ಎಲ್ಲವೂ ಗಡಿಯಾರದ ಜೊತೆ ಪೈಪೋಟಿಯಲ್ಲಿ. ಇದರಿಂದ ಮೈ ಮುರಿದೇ ಹೋಗುತ್ತದೆ ಎಂಬ ಭಯ ಬೇಡ. 1000 ಗಂಟೆ ಅಭ್ಯಾಸಕ್ಕೆ ಸುಮಾರು 2ರಿಂದ 4 ಗಾಯ ಅನ್ನುವುದು ಹಲವು ಅಧ್ಯಯನಗಳ ಲೆಕ್ಕ. ಪೆಟ್ಟು ಬೀಳುವುದು ಹೆಚ್ಚಾಗಿ ಭುಜ, ಸೊಂಟ, ಮೊಣಕಾಲಿಗೆ. ದಣಿದಾಗ ಭಂಗಿ ಕೆಡುತ್ತದೆ. ಆದರೂ ಗಡಿಯಾರ ಓಡುತ್ತಿದೆಯಲ್ಲ ಅಂತ ನಿಲ್ಲಿಸುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಬಿಪಿ, ಹೃದಯದ ತೊಂದರೆ, ಹಳೆಯ ಸೊಂಟನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಆಮೇಲೆ ಒಂದು ಕೋಲು ಹಿಡಿಯಿರಿ. ಅದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರಕ್ಕೂ ತಾಗುವಂತೆ ಬೆನ್ನಿಗೆ ನೆಟ್ಟಗೆ ಇಟ್ಟುಕೊಳ್ಳಿ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಕುಂಡಿ ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಕೋಲು ಎಲ್ಲಾದರೂ ಬಿಟ್ಟಿತಾ? ಅಲ್ಲಿಗೆ ನಿಲ್ಲಿಸಿ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ನ ಪಾಠವೆಲ್ಲ ಇದರಲ್ಲೇ ಇದೆ. ಕೋಲು ಕದಲದಂತೆ ಬಗ್ಗಲು ಬಂದ ಮೇಲೆ ಖಾಲಿ ರಾಡ್, ಅದು ಸಲೀಸಾದ ಮೇಲೆ ಪ್ಲೇಟ್. ನಮ್ಮ ಗರಡಿಗಳಲ್ಲೂ ಉಸ್ತಾದರು ಹೊಸ ಹುಡುಗನನ್ನು ಬಂದ ದಿನವೇ ಕುಸ್ತಿಗೆ ಇಳಿಸುತ್ತಿರಲಿಲ್ಲ, ಅಲ್ವಾ?

ಪುಲ್‌ಅಪ್‌ನಲ್ಲಿ ಮೈ ಬೀಸಿ ಮೇಲೇರುವ ಆಸೆ ಸದ್ಯಕ್ಕೆ ಬಿಡಿ. ಬೀಸದೆ ಐದಾದರೂ ತೆಗೆಯುವ ಬಲ ಬರಲಿ, ಇಲ್ಲದಿದ್ದರೆ ಎಳೆತವೆಲ್ಲ ಭುಜದ ಮೇಲೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಹಾರಿದರೂ, ಇಳಿಯುವಾಗ ಒಂದೊಂದೇ ಕಾಲಿಟ್ಟು ಇಳಿಯಿರಿ. ಸರಿಯಾದ ಭಂಗಿಯಲ್ಲಿ ಇನ್ನೂ ಎರಡು ಮೂರು ಸಲ ಆಗುತ್ತದೆ ಅನ್ನಿಸುವಾಗಲೇ ಸೆಟ್ ಮುಗಿಸಿ. ಪಕ್ಕದವನು ಎಷ್ಟು ಎತ್ತಿದ ಅಂತ ನೋಡಿ ಸುಮ್ನೆ ಪ್ಲೇಟ್ ಏರಿಸುವುದು ಶುದ್ಧ ಹುಚ್ಚುತನ.

ಇನ್ನು ನಮ್ಮೂರ ಬಿಸಿಲು. ಏಪ್ರಿಲ್, ಮೇನಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಪತ್ರಾಸಿನ ಶೆಡ್‌ನಲ್ಲಿ ಸಂಜೆ ಐದಕ್ಕೂ ಕಾವು ಇಳಿದಿರುವುದಿಲ್ಲ. ಬೆಳಗ್ಗೆ ಆರಕ್ಕೆ ಮುಗಿಸುವುದೇ ಲೇಸು. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ. ನೀರು ಜೊತೆಗಿರಲಿ, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತಲೆ ಸುತ್ತಿದರೆ, ವಾಂತಿ ಬಂದಂತಾದರೆ ಅವತ್ತಿನ ಕಸರತ್ತು ಅಲ್ಲಿಗೇ ಸಾಕು. ಮಾತು ತೊದಲಿದರೆ, ಗೊಂದಲವಾದರೆ ಮೈಗೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೈಕೈ ನೋವು ಎರಡು ದಿನ ಇದ್ದರೆ ಅದು ಸಹಜ. ಆದರೆ ಸ್ನಾಯು ಊದಿಕೊಂಡು, ಕೈ ಎತ್ತಲೂ ಆಗದಷ್ಟು ಸೋತು, ಮೂತ್ರ ಕೋಲಾದಂತೆ ಕಪ್ಪಾದರೆ ಅದು ರ‍್ಯಾಬ್ಡೊಮಯೋಲಿಸಿಸ್ ಇರಬಹುದು. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ದೀರ್ಘ ಬಿಡುವಿನ ನಂತರ ಮೊದಲ ದಿನವೇ ನೂರಾರು ಸಲ ಮಾಡಿದವರಲ್ಲಿ ಇದು ಕಾಣುತ್ತದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಐಬುಪ್ರೊಫೆನ್‌ನಂಥವು ಕಿಡ್ನಿಗೆ ಇನ್ನಷ್ಟು ಭಾರ. ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ಕಸರತ್ತು, ಎಷ್ಟು ಸಲ ಮಾಡಿದಿರಿ ಅಂತ ಬಿಡಿಸಿ ಹೇಳಿ. ಸಿಕೆ ಎಂಬ ರಕ್ತಪರೀಕ್ಷೆಯಲ್ಲಿ ವಿಷಯ ಗೊತ್ತಾಗುತ್ತದೆ.