ಸರ್ಕಾರಿ ಪ್ರೌಢಶಾಲೆಯಿಂದ ಫುಲ್‌ಬ್ರೈಟ್‌ಗೆ: ರಾಯಚೂರು, ಕೊಪ್ಪಳ, ಬಳ್ಳಾರಿ ಶಿಕ್ಷಕರ ತಯಾರಿ

ಫುಲ್‌ಬ್ರೈಟ್ ಟಿಇಎ (ಟೀಚಿಂಗ್ ಎಕ್ಸಲೆನ್ಸ್ ಅಂಡ್ ಅಚೀವ್‌ಮೆಂಟ್) ಅಮೆರಿಕ ಸರ್ಕಾರದ ಸುಮಾರು 6 ವಾರದ ಫೆಲೋಶಿಪ್. ಹಲವು ದೇಶಗಳ ಪ್ರೌಢಶಾಲಾ ಶಿಕ್ಷಕರನ್ನು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಕರೆಸಿ ತರಬೇತಿ ಕೊಡುತ್ತಾರೆ. ಅದರೊಳಗೇ ಅಲ್ಲಿನ ಶಾಲೆಯೊಂದರಲ್ಲಿ ಕನಿಷ್ಠ 40 ಗಂಟೆ ಪಾಠ ನೋಡಬೇಕು, ಮಾಡಬೇಕು. ಭಾರತದ ಶಿಕ್ಷಕರಿಗೆ ಇಲ್ಲಿ ಫುಲ್‌ಬ್ರೈಟ್ ನೋಡಿಕೊಳ್ಳುವ ಯುಎಸ್‌ಐಇಎಫ್ (ಯುನೈಟೆಡ್ ಸ್ಟೇಟ್ಸ್-ಇಂಡಿಯಾ ಎಜುಕೇಶನಲ್ ಫೌಂಡೇಶನ್) ಮೂಲಕ ಅರ್ಜಿಯ ಕರೆ ಬರುತ್ತದೆ. ಈ ವರ್ಷ ಕರೆ ಇದೆಯೇ, ನಿಮ್ಮ ವಿಷಯ ಸೇರಿದೆಯೇ, ಕೊನೆಯ ದಿನ ಯಾವುದು ಎಂಬುದನ್ನು ಅದರ ಜಾಲತಾಣದಲ್ಲೇ ನೋಡಿ. ಅರ್ಜಿ ಶುಲ್ಕ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಫುಲ್‌ಬ್ರೈಟ್‌ಗೆ ಅಂಥ ಶುಲ್ಕವಿಲ್ಲ.

ಕರೆ ಬರುವ ಮುಂಚೆಯೇ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ. ಇಲ್ಲಿ ಹೆಚ್ಚು ಮಂದಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ ಕೆ.’, ಆಧಾರ್‌ನಲ್ಲಿ ‘ಬಸವರಾಜ್’, ಸೇವಾ ಪುಸ್ತಕದಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿ ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಬಂದ ಹೆಸರನ್ನೇ ಅಕ್ಷರ ತಪ್ಪದೆ ಫೆಲೋಶಿಪ್ ಅರ್ಜಿಯಲ್ಲೂ ಬರೆಯಿರಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಸರ್ಕಾರಿ ನೌಕರರು ನಿರಾಕ್ಷೇಪಣಾ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ‘ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಿದ್ದೇನೆ’ ಎಂದು ಮೇಲಧಿಕಾರಿಗೆ ಪೂರ್ವ ಮಾಹಿತಿ ಪತ್ರ ಕೊಟ್ಟು, ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದರೂ ನಡೆಯುತ್ತದೆ.

ಆದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇರೆಯೇ ಕಡತ. ಮುಖ್ಯಶಿಕ್ಷಕರಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿಂದ ಡಿಡಿಪಿಐ (ಜಿಲ್ಲಾ ಉಪನಿರ್ದೇಶಕರು), ಆಮೇಲೆ ಕಲಬುರಗಿಯಲ್ಲಿರುವ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ, ಹೀಗೆ ಮೇಲೇರಬೇಕು. ಆಹ್ವಾನ ಪತ್ರ, ಪ್ರಯಾಣದ ದಿನಾಂಕ, ಖರ್ಚು ಯಾರದು ಎಂಬ ಒಂದು ಸಾಲು, ಇಲಾಖಾ ವಿಚಾರಣೆ ಬಾಕಿ ಇಲ್ಲವೆಂಬ ದೃಢೀಕರಣ, ಯಾವ ರಜೆ ಅಥವಾ ಓಓಡಿ (ಅನ್ಯಕಾರ್ಯ ನಿಮಿತ್ತ) ಕೇಳುತ್ತಿದ್ದೀರಿ, ನಿಮ್ಮ ತರಗತಿ ಯಾರು ನೋಡಿಕೊಳ್ಳುತ್ತಾರೆ: ಇವೆಲ್ಲ ಮೊದಲ ದಿನವೇ ಕಡತದಲ್ಲಿರಲಿ. ಒಂದು ಕಾಗದ ಕಡಿಮೆ ಬಿದ್ದರೂ ಕಡತ ಆಕ್ಷೇಪಣೆಯ ಹಿಂಬರಹ ಹೊತ್ತು ಕೆಳಗಿಳಿದು, ಮತ್ತೆ ಮೊದಲಿನಿಂದ ಹತ್ತಬೇಕಾಗುತ್ತದೆ. ಕೊಟ್ಟ ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ, ಆವಕ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನು ಅರ್ಜಿಯ ಪ್ರಬಂಧ. ಇದಕ್ಕೇ ಹೆಚ್ಚು ದಿನ ಕೊಡಿ. ‘ನಮ್ಮದು ಹಿಂದುಳಿದ ಜಿಲ್ಲೆ, ಮಕ್ಕಳು ಬಡವರು, ನಾನು ಜಾಗತಿಕ ಮಟ್ಟದ ಶಿಕ್ಷಣ ಕೊಡಬಯಸುತ್ತೇನೆ’ ಎಂದು ಬರೆದರೆ ಓದುವವರಿಗೆ ನಿಮ್ಮ ತರಗತಿ ಕಾಣುವುದೇ ಇಲ್ಲ. ಮಕ್ಕಳು ಗುಳೆ ಹೋಗುತ್ತಾರೆ ಎಂದಷ್ಟೇ ಬರೆದರೂ ಸಾಲದು. 9ನೇ ತರಗತಿಯಲ್ಲಿ ಎಷ್ಟು ಮಕ್ಕಳು, ಮೆಣಸಿನಕಾಯಿ ಬಿಡಿಸುವ ತಿಂಗಳಲ್ಲಿ ಎಷ್ಟು ಮಂದಿ ಬರಲಿಲ್ಲ, ಅಷ್ಟರಲ್ಲಿ ಗಣಿತದ ಯಾವ ಪಾಠ ತಪ್ಪಿತು, ಬಂದ ಮೇಲೆ ನೀವು ಏನು ಮಾಡಿದಿರಿ, ಅದು ಎಲ್ಲಿ ಸೋತಿತು: ಹಾಜರಾತಿ ಪುಸ್ತಕ ಮುಂದಿಟ್ಟುಕೊಂಡು ಬರೆಯಿರಿ. ಸೋತದ್ದನ್ನು ಮುಚ್ಚಿಡಬೇಡಿ. ಏನು ಕಲಿಯಲು ಬರುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಜಾಗತಿಕ ಶಿಕ್ಷಣ ಎಂದರೆ ಬಾವುಟ, ವೇಷಭೂಷಣಗಳ ಪ್ರದರ್ಶನವಲ್ಲ. ನಿಮ್ಮೂರಿನ ಒಂದು ಪ್ರಶ್ನೆ ಬೇರೆ ದೇಶದಲ್ಲಿ ಹೇಗಿದೆ ಎಂದು ಮಕ್ಕಳು ಹೋಲಿಸಿ ನೋಡುವುದು. ವಿಜ್ಞಾನ ಶಿಕ್ಷಕರಿಗೆ ಕೊಪ್ಪಳ, ರಾಯಚೂರಿನ ಬೋರ್‌ವೆಲ್ ನೀರಿಗಿಂತ ಒಳ್ಳೆಯ ವಿಷಯ ಬೇಕಿಲ್ಲ. ನಮ್ಮಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಹಲ್ಲು ಹುಳುಕಾಗದಿರಲೆಂದು ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸುತ್ತಾರೆ. ಅಲ್ಲಿ ಶಿಫಾರಸಾದ ಪ್ರಮಾಣ 0.7 ಮಿಲಿಗ್ರಾಂ. ಕೀನ್ಯಾ, ತಾಂಜಾನಿಯಾದ ಹಲವೆಡೆ ನಮ್ಮಂತೆಯೇ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ವಸ್ತು ಒಂದು ಕಡೆ ಔಷಧ, ಇನ್ನೊಂದು ಕಡೆ ರೋಗ. 8ನೇ ತರಗತಿಯ ಹುಡುಗಿ ತನ್ನ ಮನೆಯ ಕೊಡದ ನೀರನ್ನು ಪರೀಕ್ಷಾ ಕಿಟ್‌ನಲ್ಲಿ ಹಾಕಿ, ಬಂದ ಬಣ್ಣವನ್ನು ಪಟ್ಟಿಯ ಬಣ್ಣದ ಪಕ್ಕ ಹಿಡಿದು ನೋಡುವುದರಿಂದ ಈ ಪಾಠ ಶುರುವಾಗಲಿ. ಕಿಟ್ ಇದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ.

ಸಂದರ್ಶನದಲ್ಲಿ ಇಂಗ್ಲಿಷ್ ತಪ್ಪಾದೀತೆಂಬ ಭಯಕ್ಕಿಂತ, ಪ್ರಬಂಧದಲ್ಲಿ ಬರೆದದ್ದನ್ನೇ ವಿವರಿಸಲಾಗದಿರುವುದು ಹೆಚ್ಚು ಅಪಾಯ. ಬೇರೆಯವರಿಂದ ಬರೆಸಿದ ಪ್ರಬಂಧ ಅಲ್ಲೇ ಸಿಕ್ಕಿಬೀಳುತ್ತದೆ. ದಿನಕ್ಕೆ 10 ನಿಮಿಷ ನಿಮ್ಮ ಒಂದು ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.

ಆಯ್ಕೆಯಾದ ಮೇಲೆ, ನೀವು ವಿನಿಮಯ ಕಾರ್ಯಕ್ರಮಕ್ಕೆ ಅರ್ಹರೆಂದು ಹೇಳುವ ಡಿಎಸ್-2019 ಎಂಬ ನಮೂನೆ ಬರುತ್ತದೆ, ಅದರ ಆಧಾರದ ಮೇಲೆ ಜೆ-1 ಎಂಬ ವಿನಿಮಯ ವೀಸಾ. ಫೆಲೋಶಿಪ್ ಮುಗಿದ ಮೇಲೆ ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇರದ ಹೊರತು ಅಮೆರಿಕದ ಎಚ್-1ಬಿ ಕೆಲಸದ ವೀಸಾ ಅಥವಾ ಕಾಯಂ ವಾಸದ ಪರವಾನಗಿ ಸಿಗದು. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ.

ಊರಿಗೆ ಬಂದ ಮೇಲೆ ನಿಮ್ಮ ಮತ್ತು ಅಮೆರಿಕದ ಶಾಲೆಯ ಮಕ್ಕಳನ್ನು ವಿಡಿಯೊ ಕರೆಯಲ್ಲಿ ಸೇರಿಸುವಾಗ ಗಡಿಯಾರ ನೋಡಿ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಅವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ತಾಂಡಾದಿಂದ ನಡೆದು ಬರುವ ಮಕ್ಕಳನ್ನು ಅಷ್ಟು ಹೊತ್ತು ಕೂರಿಸುವುದು ಸರಿಯಲ್ಲ. ಅದರ ಬದಲು ನೀರಿನ ಪರೀಕ್ಷೆಯ ಅಂಕಿ, 3 ನಿಮಿಷದ ವಿಡಿಯೊ ಕಳಿಸಿ. ಅವರ ಉತ್ತರವನ್ನು ಮರುದಿನ ಮೊದಲ ಪಿರಿಯಡ್‌ನಲ್ಲಿ ತೋರಿಸಿ.