ಮಗುವನ್ನು ಯಾವ ಕ್ಲಾಸಿಗೆ ಹಾಕಬೇಕು ಅಂತ ಕೇಳುವ ಮೊದಲು

ಜೂನ್ ಬಂದರೆ ಸಾಕು, ನಮ್ಮ ದಾವಣಗೆರೆಯಲ್ಲಿ ಕರೆಂಟ್ ಕಂಬ, ಕಾಂಪೌಂಡ್ ಗೋಡೆ, ಆಟೋ ಹಿಂದೆ, ಎಲ್ಲಾ ಕಡೆ ಕ್ಲಾಸುಗಳದ್ದೇ ಪೋಸ್ಟರ್. ಕರಾಟೆ, ಅಬಾಕಸ್, ಭರತನಾಟ್ಯ, ಕೀಬೋರ್ಡ್, ಚೆಸ್. ಸ್ಕೂಲ್ ಗೇಟಿನ ಹತ್ತಿರ ಕಾಯುವ ಅಮ್ಮಂದಿರ ಮಾತೂ ಅದೇ: "ನಿಮ್ಮ ಮಗಳನ್ನ ಯಾವುದಕ್ಕೆ ಹಾಕಿದ್ರಿ?"

ನಾನೂ ಈ ಮಾತಿಗೆ ಬಿದ್ದವಳೇ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅಬಾಕಸ್, ಡ್ಯಾನ್ಸ್, ಕರಾಟೆ ಅಂತ ಒಂದೇ ತಿಂಗಳಲ್ಲಿ ಮೂರಕ್ಕೂ ಫೀ ಕಟ್ಟಿಬಿಟ್ಟೆ. ಸ್ವಲ್ಪ ದಿನಕ್ಕೆ ಮಂಗಳವಾರ ಬಂದರೆ ಅವಳಿಗೆ ಹೊಟ್ಟೆನೋವು. ಡಾಕ್ಟರ್ ಹತ್ತಿರ ಹೋದೆವು, ಜಂತುಹುಳದ ಮಾತ್ರೆಯೂ ಆಯಿತು. ಅಬಾಕಸ್ ಇರುವುದು ಮಂಗಳವಾರ ಅನ್ನುವುದು ನನ್ನ ತಲೆಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಅಬಾಕಸ್ ಕೆಟ್ಟದ್ದು ಅಂತಲ್ಲ. ಪಕ್ಕದ ಮನೆ ಹುಡುಗ ಅದನ್ನೇ ಖುಷಿಯಿಂದ ಕಲಿತ. ಎಡವಟ್ಟಾಗಿದ್ದು ನನ್ನಿಂದ. ಆಟ, ಹಾಡು, ನಾಟಕ ಎಲ್ಲವನ್ನೂ ನಾನು ಇನ್ನೊಂದು ಟ್ಯೂಷನ್ ಮಾಡಿಬಿಟ್ಟಿದ್ದೆ.

ಮೊದಲು ಒಂದು ಹಾಳೆ ತಗೊಳ್ಳಿ

ಫೀ ಕಟ್ಟುವ ಮೊದಲು ಮಗುವಿನ ಒಂದು ವಾರವನ್ನು ಹಾಳೆಯ ಮೇಲೆ ಬರೆಯಿರಿ. ಏಳುವ ಹೊತ್ತು, ಸ್ಕೂಲ್ ವ್ಯಾನಿನಲ್ಲಿ ಕಳೆಯುವ ಹೊತ್ತು, ಹೋಮ್‌ವರ್ಕ್, ಊಟ, ಮೊಬೈಲ್, ಎಲ್ಲಾ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. ಬೆಳಿಗ್ಗೆ 6ಕ್ಕೆ ಏಳುವ ಮಗು ರಾತ್ರಿ 9ಕ್ಕಾದರೂ ಮಲಗಬೇಕು. ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಹಾಗೆ ಓಡಾಡಬೇಕು. ಇವೆರಡನ್ನೂ ಹಾಳೆಯಲ್ಲಿ ಮೊದಲು ತುಂಬಿ. ಉಳಿಯುವ ಜಾಗ ಎಷ್ಟು ಚಿಕ್ಕದು ಅಂತ ಆಗ ಗೊತ್ತಾಗುತ್ತದೆ. ಅದರಲ್ಲೂ ಒಂದೆರಡು ಸಂಜೆ ಖಾಲಿ ಬಿಡಿ, ಸುಮ್ನೆ ಬೀದಿಯಲ್ಲಿ ಆಡಿಕೊಂಡಿರಲಿ. ಉಳಿದಿದ್ದಕ್ಕೆ ಮೈ ಬಗ್ಗಿಸುವಂಥದ್ದು ಒಂದು, ಕೈಯೋ ಬಾಯೋ ಕೆಲಸ ಮಾಡುವಂಥದ್ದು ಒಂದು. ಪ್ರೈಮರಿ ಮಕ್ಕಳಿಗೆ ಇದಕ್ಕಿಂತ ಜಾಸ್ತಿ ಬೇಡ ಅನ್ನುವುದು ಪೆಟ್ಟು ತಿಂದ ನನ್ನ ಅಭಿಪ್ರಾಯ.

ಒಂದು ಖೋ-ಖೋ ಆಟದಲ್ಲಿ ಏನೇನಿದೆ ನೋಡಿ

ಕರಾಟೆ ಬಿಡಿಸಿದ ಮೇಲೆ ಮಗಳು ಸ್ಕೂಲಿನ ಖೋ-ಖೋ ಟೀಮಿಗೆ ತಾನಾಗಿಯೇ ಸೇರಿಕೊಂಡಳು. ನನಗೆ ಅಷ್ಟೇನೂ ಇಷ್ಟ ಇರಲಿಲ್ಲ, ಮೊಣಕಾಲು ಕೆತ್ತಿಕೊಂಡು ಬರ್ತಾಳೆ ಅಂತ. ಒಂದು ದಿನ ಹೋಗಿ ಕೂತು ನೋಡಿದೆ. ಎಂಟು ಮಕ್ಕಳು ಸಾಲಾಗಿ ಕೂತಿರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡಬೇಕು, ಆದರೆ ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಓಡಿ ತಪ್ಪಿಸಿಕೊಳ್ಳುವವಳು ಕಣ್ಣೆದುರೇ ಆ ಕಡೆಗೆ ಜಾರಿಕೊಂಡರೂ ತಾನು ಹಿಂದೆ ಹೋಗದೆ, ಸರಿಯಾದ ಜಾಗದಲ್ಲಿ ಕೂತವಳ ಬೆನ್ನು ಮುಟ್ಟಿ "ಖೋ" ಅಂದು ಅವಳ ಜಾಗದಲ್ಲಿ ಕೂತುಬಿಡಬೇಕು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಓಡಬೇಕು ಅನ್ನುವ ಆಸೆಯನ್ನು ತಡೆಯಬೇಕು. ನಿಯಮ ನೆನಪಿರಬೇಕು. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ತಲೆಯಲ್ಲಿರಬೇಕು. ಎಲ್ಲಕ್ಕಿಂತ ಕಷ್ಟದ್ದು, ತಾನು ಹಿಡಿಯಬಹುದಾಗಿದ್ದ ಔಟನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಬೇಕು. "ತಾಳ್ಮೆ ಇರಲಿ, ಹಂಚಿಕೊಳ್ಳಬೇಕು" ಅಂತ ನಾನು ಮನೆಯಲ್ಲಿ ನೂರು ಸಲ ಹೇಳಿದ್ದೆ. ಮೈದಾನದಲ್ಲಿ ಒಂದು ಶಿಳ್ಳೆಗೆ ಅದು ನಡೆಯುತ್ತಿತ್ತು.

ಸಂಗೀತದಲ್ಲೂ ಇಂಥದ್ದೇ ಇದೆ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿಸುತ್ತಾರಲ್ಲ, ಆಗ ಕೈಯ ತಾಳ ಒಂದೇ ವೇಗದಲ್ಲಿರಬೇಕು, ಬಾಯಿ ಮಾತ್ರ ಎರಡು ಪಟ್ಟು, ನಾಲ್ಕು ಪಟ್ಟು ಓಡಬೇಕು. ಗಮನ ಒಂದು ಚೂರು ಆಚೀಚೆ ಆದರೂ ತಾಳ ತಪ್ಪುತ್ತದೆ, ಮಗುವಿಗೇ ಗೊತ್ತಾಗುತ್ತದೆ, ಬೈಯುವ ಅಗತ್ಯವೇ ಇಲ್ಲ. ಹಾಗಂತ ಸಂಗೀತ ಕಲಿತರೆ ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ ಅಂತ ಯಾರಾದರೂ ಪಾಂಪ್ಲೆಟ್ ಕೊಟ್ಟರೆ ನಂಬಬೇಡಿ. ಮಣ್ಣು, ರಂಗೋಲಿ, ಹೊಲಿಗೆ ಇವು ಬೆರಳಿಗೆ ಹಿಡಿತ ಕೊಡುತ್ತವೆ. ನಾಟಕ ನಾಚಿಕೆಯನ್ನು ಸ್ವಲ್ಪ ಸಡಿಲ ಮಾಡುತ್ತದೆ.

ನಾಟಕ ಅಂದಾಗ ನೆನಪಾಯಿತು. ದಾವಣಗೆರೆ ಕಂಪನಿ ನಾಟಕಗಳ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ಶಿವಸಂಚಾರ ಅನ್ನುವ ನಾಟಕ ತಂಡ ಇದೆ, ಪ್ರತಿ ವರ್ಷ ನಾಟಕೋತ್ಸವವೂ ಆಗುತ್ತದೆ. ಮಗುವನ್ನು ನಾಟಕಕ್ಕೆ ಸೇರಿಸುವ ಮೊದಲು ಒಂದು ಒಳ್ಳೆಯ ನಾಟಕ ತೋರಿಸಿ. ನೋಡದೇ ಇರುವುದರ ಮೇಲೆ ಆಸೆ ಎಲ್ಲಿಂದ ಬರಬೇಕು?

ದುಡ್ಡಿಲ್ಲದೆಯೂ ಆಗುತ್ತದೆ

ಸರ್ಕಾರಿ, ಅನುದಾನಿತ, ಖಾಸಗಿ ಯಾವ ಶಾಲೆಯ ಮಗುವಾದರೂ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹೋಗಬಹುದು. ಶಾಲೆಯಿಂದ ಶುರುವಾಗಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಮೇಲಕ್ಕೆ ಹೋಗುತ್ತದೆ. ಕಂಠಪಾಠ, ಕಥೆ ಹೇಳುವುದು, ಮಣ್ಣಿನ ಮಾದರಿ, ಆಶುಭಾಷಣ, ಛದ್ಮವೇಷ, ಬೇಕಾದಷ್ಟು ಇವೆ. ಛದ್ಮವೇಷ ಅಂದರೆ ನಮ್ಮ ಕಡೆ ಅರ್ಧ ಡಜನ್ ಒನಕೆ ಓಬವ್ವಂದಿರು ಗ್ಯಾರಂಟಿ! ತಪ್ಪೇನಿಲ್ಲ, ಆದರೆ ಮಾತನ್ನು ಬರೆಯುವವರು ಅಮ್ಮ, ಸೀರೆ ಉಡಿಸುವವರು ಅತ್ತೆ, ಒನಕೆ ತರುವವರು ಅಜ್ಜಿ, ಮಗು ಸುಮ್ನೆ ನಿಂತು ಒಪ್ಪಿಸುವುದು ಅಂತಾದರೆ ಕಲಿತವರು ನಾವೇ ಅಲ್ವಾ? ಬದಲಿಗೆ ಮಗುವನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಏಳು ಸುತ್ತಿನ ಕೋಟೆ ಹತ್ತಿಸಿ, ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳಲು ಬಿಡಿ. ಹೈದರಾಲಿಯ ಸೈನಿಕರು ಯಾಕೆ ಒಬ್ಬೊಬ್ಬರಾಗಿಯೇ ಬರಬೇಕಾಯಿತು ಅಂತ ಅಲ್ಲೇ ಕೇಳಿ. ಇಳಿದು ಬರುವಾಗ ಅವಳೇ ಗೈಡ್ ಆಗಲಿ, ನೀವು ಏನೂ ಗೊತ್ತಿಲ್ಲದ ಪ್ರವಾಸಿ ಆಗಿ. ಮನೆಗೆ ಬಂದು ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಬಹುಮಾನ ಬರದೇ ಇರಬಹುದು.

ಗರಡಿ ಮನೆಯನ್ನು ಯಾಕೋ ನಾವು ಮರೆತಿದ್ದೇವೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಲು ಮುಗಿಬೀಳುತ್ತೇವೆ, ಅದೇ ಊರಿನಲ್ಲಿ ಮಗುವಿಗೆ ದಂಡ, ಬಸ್ಕಿ ಕಲಿಸಲು ದುಬಾರಿ ಜಿಮ್ ಹುಡುಕುತ್ತೇವೆ. ಹತ್ತಿರದಲ್ಲಿ ಗರಡಿ ಇದ್ದರೆ ಒಂದು ಬೆಳಿಗ್ಗೆ ಹೋಗಿ ವಿಚಾರಿಸಿ.

ಸ್ಕೂಲಿನಲ್ಲಿ ಕಬ್, ಬುಲ್‌ಬುಲ್ (ಸ್ಕೌಟ್ಸ್, ಗೈಡ್ಸ್‌ನ ಚಿಕ್ಕ ಮಕ್ಕಳ ತಂಡಗಳು) ಇದೆಯಾ ಕೇಳಿ. 10 ವರ್ಷ ಆದ ಮೇಲೆ ಸ್ಕೌಟ್ಸ್, ಗೈಡ್ಸ್. ಅವರ ತರಬೇತಿ ಕೇಂದ್ರ ನಮ್ಮ ಪಕ್ಕದ ಕೊಂಡಜ್ಜಿಯಲ್ಲೇ ಇದೆ. ತನ್ನ ತಟ್ಟೆ ತಾನೇ ತೊಳೆದು, ತನ್ನ ಹಾಸಿಗೆ ತಾನೇ ಮಡಿಸಿ ಎರಡು ರಾತ್ರಿ ಮನೆಯಿಂದ ಹೊರಗೆ ಇದ್ದು ಬಂದ ಮಗುವಿನ ನಡಿಗೆಯೇ ಬೇರೆ ಇರುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ, 2020ರಲ್ಲಿ 'ಓದುವ ಬೆಳಕು' ಅಂತ ಶುರುವಾಗಿದ್ದು.

ಕ್ಲಾಸ್ ನೋಡುವುದಲ್ಲ, ಮೇಷ್ಟ್ರನ್ನು ನೋಡಿ

ಹಣ ಕೊಟ್ಟೇ ಕಳಿಸುವುದಾದರೆ ಫೀ ಕಟ್ಟುವ ಮೊದಲು ಒಂದು ಪೂರ್ತಿ ಕ್ಲಾಸ್ ಕೂತು ನೋಡಿ. ಚೆನ್ನಾಗಿ ಮಾಡುವ ಮಗುವನ್ನು ನೋಡಬೇಡಿ. ಹಿಂದಿನ ಸಾಲಿನಲ್ಲಿ ಹೆಜ್ಜೆ ತಪ್ಪುತ್ತಿರುವ ಮಗುವಿಗೆ ಮೇಷ್ಟ್ರು ಏನು ಹೇಳುತ್ತಾರೆ, ಅದನ್ನು ನೋಡಿ. ನಿಮ್ಮ ಮಗುವೂ ಮೊದಲ ಮೂರು ತಿಂಗಳು ಅಲ್ಲೇ ಇರುವುದು. ಅಪ್ಪ ಅಮ್ಮ ಒಳಗೆ ಬರಬಾರದು, ಬಾಗಿಲು ಹಾಕಿಕೊಂಡೇ ಕಲಿಸುವುದು ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ. ಆ್ಯನ್ಯುಯಲ್ ಡೇ ಡ್ರೆಸ್, ಬೆಲ್ಟ್ ಪರೀಕ್ಷೆ, ಸರ್ಟಿಫಿಕೇಟ್ ಅಂತ ವರ್ಷಕ್ಕೆ ಎಷ್ಟು ಬೇರೆ ಖರ್ಚು ಅನ್ನುವುದನ್ನೂ ಮೊದಲೇ ಬಾಯಿಬಿಟ್ಟು ಕೇಳಿ. ಒಂದು ಕಡೆ ನಾನು ಕೇಳಲಿಲ್ಲ, ಡ್ರೆಸ್ಸಿಗೆ ಕೊಟ್ಟಿದ್ದು ಆರು ತಿಂಗಳ ಫೀಗಿಂತ ಜಾಸ್ತಿ. ಇನ್ನೊಂದು, ಬೇಸಿಗೆ ಶಿಬಿರಕ್ಕೆ ಹಾಕುವಾಗ ಮೈದಾನದ ಆಟ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ಹತ್ತು ಗಂಟೆಯ ಮೇಲೆ ಮಕ್ಕಳನ್ನು ಓಡಿಸುವ ಶಿಬಿರ ಬೇಡವೇ ಬೇಡ.

ಕರಾರು

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಏನೇ ಹೊಸದು ಸೇರಿದರೂ ಮಗಳು, ನಾನು ಕೂತು ಹಾಳೆಯಲ್ಲಿ ಬರೆದು ಸಹಿ ಹಾಕುತ್ತೇವೆ. ಸೇರುವ ಮೊದಲು ಎರಡು ವಾರ ನೋಡಬಹುದು, ಬೇಡ ಅನಿಸಿದರೆ ಬಿಡಬಹುದು. ಸೇರಿದರೆ ಮೂರು ತಿಂಗಳು ಬಿಡುವಂತಿಲ್ಲ. ಆ ಮೂರು ತಿಂಗಳು ನಾನು "ಫಸ್ಟ್ ಬಂದೆಯಾ" ಅಂತ ಕೇಳುವಂತಿಲ್ಲ. ಈ ಕೊನೆಯ ಷರತ್ತು ಅವಳು ಹಾಕಿದ್ದು. ಮೊದಮೊದಲು ನನಗೆ ನಾಲಿಗೆ ಕಚ್ಚಿಕೊಳ್ಳುವುದೇ ಕೆಲಸವಾಗಿತ್ತು. ಆಮೇಲೆ "ಇವತ್ತು ಯಾರ ಜೊತೆ ಆಡಿದೆ? ಯಾವುದು ಕಷ್ಟ ಆಯ್ತು?" ಅಂತ ಕೇಳಲು ಕಲಿತೆ. ಸ್ಕೂಟರಿನಲ್ಲಿ ವಾಪಸ್ ಬರುವಾಗ ಕೇಳಿದರೆ ಜಾಸ್ತಿ ಮಾತು ಬರುತ್ತದೆ, ಮುಖ ನೋಡಬೇಕಾಗಿಲ್ಲವಲ್ಲ. ಮಂಡಕ್ಕಿ, ಮಿರ್ಚಿ ಪೊಟ್ಟಣ ಕೈಯಲ್ಲಿದ್ದರೆ ಇನ್ನೂ ಜಾಸ್ತಿ.

ಕರಾರು ಇದ್ದರೂ ಒಂದು ವಿಷಯಕ್ಕೆ ವಿನಾಯಿತಿ. ಭಯ, ಹೊಡೆತ, ಯಾರಾದರೂ ಮುಟ್ಟಿದ್ದು ಇಷ್ಟ ಆಗಲಿಲ್ಲ, ಇಂಥ ಮಾತು ಬಂದರೆ ಅವತ್ತೇ ನಿಲ್ಲಿಸಿ, ಮಗು ಹೇಳಿದ್ದನ್ನು ಪೂರ್ತಿ ಕೇಳಿ. ಮಕ್ಕಳ ಸಹಾಯವಾಣಿ 1098 ಇದೆ, ಮಗುವಿಗೂ ಆ ನಂಬರ್ ಬಾಯಿಪಾಠ ಆಗಿರಲಿ.

ಮಗಳು ಈಗ ಆರನೇ ಕ್ಲಾಸ್. ಕಳೆದ ವಾರ ಊಟಕ್ಕೆ ಕೂತಾಗ, "ಅಮ್ಮಾ, ಖೋ-ಖೋ ಸಾಕು, ನಾನು ತಬಲಾ ಕಲೀತೀನಿ" ಅಂದಳು. ಜಿಲ್ಲಾ ಮಟ್ಟಕ್ಕೆ ಹೋಗುವ ಟೀಮಿನಲ್ಲಿ ಅವಳ ಹೆಸರಿದೆ. ನನಗೆ ತುತ್ತು ಗಂಟಲಲ್ಲೇ ನಿಂತಿತು. ಫ್ರಿಜ್ ಮೇಲಿನ ಹಾಳೆ ತೆಗೆದು ಇಬ್ಬರೂ ನೋಡಿದೆವು. ಈ ಸಲದ ಕರಾರಿನಲ್ಲಿ ಇನ್ನೂ ಐದು ವಾರ ಇದೆ.